ಪುಂಡಿಪಲ್ಯದ ಎದುರು ಮಾವ

ಗೆಳೆಯರೇ, ನಾನೇ ಹಾಳೆ ಹೊಲಿದು ಮಾಡಿದ ಫೋಟೋ ಪುಸ್ತಕ ಇವತ್ತು ಕೆಟ್ಟಿತು. ಎಡಪುಟದಲ್ಲಿ ಮನೆಯ ಯಾವುದೋ ಫೋಟೋ, ಬಲಪುಟದಲ್ಲಿ ಅದಕ್ಕೊಪ್ಪುವ ಬರೀ ಬಣ್ಣ, ಗೆರೆ. ರೊಟ್ಟಿಬುಟ್ಟಿಗೆ ಬೂದು ವೃತ್ತ, ಪುಂಡಿಪಲ್ಯದ ಸೊಪ್ಪಿನ ಕಟ್ಟಿಗೆ ಹಸಿರು ಪಟ್ಟೆ.

ಮುನವಳ್ಳಿಯ ಸೋದರತ್ತೆಯ ಕೈಗೆ ಪುಸ್ತಕ ಕೊಟ್ಟು ಚಹಾ ತರುವಷ್ಟರಲ್ಲಿ, ಆಕೆ ತನ್ನ ಪರ್ಸಿನಲ್ಲಿದ್ದ ಗಂಡನ ಫೋಟೋವನ್ನು ಆ ಹಸಿರಿನ ಮೇಲೆ ಅಂಟಿಸಿಬಿಟ್ಟಿದ್ದಳು. ಅಂಟೂ ನನ್ನದೇ.

“ಅತ್ತಿ, ಇದೇನ ಮಾಡಿದಿ?”

“ಇಡೀ ಪುಸ್ತಕದಾಗ ಒಂದರೇ ಮನಷ್ಯಾರ ಮಾರಿ ಐತೇನವಾ? ಹಾಳಿ ಖಾಲಿ ಇತ್ತು, ಹಚ್ಚೇನಿ.”

“ಖಾಲಿ ಎಲ್ಲೈತಿ? ಹಸರ ಬಣ್ಣ ಹಚ್ಚೇನಲ್ಲ.”

“ಅದಕ್ಕ ಹಸರ ಅಂಗೀ ಫೋಟೋನ ಆರಿಸೇನಿ.”

ಕಿತ್ತರೆ ನನ್ನ ಬಣ್ಣವೂ ಕಿತ್ತು ಬರುತ್ತದೆ. ಬಿಟ್ಟರೆ, ಜನ್ಮದಲ್ಲಿ ಪುಂಡಿಪಲ್ಯ ಬಾಯಿಗಿಡದ ಮಾವ ಅದರ ಎದುರಿಗೇ ಗಂಟುಮುಖ ಹಾಕಿಕೊಂಡು ಕಾಯಂ ಕೂತಿರುತ್ತಾರೆ.