ಪರಾತದ ನೀರಿನ ಮೇಲೆ ಸೂಜಿಮೊನೆಯ ಎಣ್ಣೆ

ಕಣ್ಣಿಗೆ ಕಾಣದಷ್ಟು ಸಣ್ಣದನ್ನು ಹೇಳುವ ನ್ಯಾನೋ ಎಂಬ ಮಾತು ನಮ್ಮ ಕಡೆ ಆಗಿನ್ನೂ ಪೇಪರಿನಲ್ಲಷ್ಟೇ ಕಾಣುತ್ತಿತ್ತು. ಅದನ್ನು ತಿಳಿಸಲು ತರಬೇತಿಯಲ್ಲಿ ಕಲಿತ ಆಟಗಳನ್ನು ಆರು, ಏಳನೇ ಇಯತ್ತೆಯ ಮಕ್ಕಳಿಗೆ ಆಡಿಸಿ ತೋರಿಸಲು ಶಿಕ್ಷಕಿಯಾದ ನನ್ನನ್ನು ಊರೂರಿಗೆ ಕಳಿಸಿದ್ದರು. ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಮುಗಿಸಿ ಇಂಡಿ ಕಡೆಗೆ ಬರುವ ಹೊತ್ತಿಗೆ ನನ್ನ ಮಾತು ನನಗೇ ಬೇಸರ ತರಿಸಿತ್ತು.

ಲಚ್ಯಾಣದ ಆಚೆಯ ಒಂದು ಶಾಲೆ. ಉಂಡ ಮಕ್ಕಳು ತೂಕಡಿಸುವ ಹೊತ್ತು. ಅಡುಗೆಯಾಕೆಯಿಂದ ಹಿಟ್ಟು ನಾದುವ ಅಗಲ ಪರಾತ ತರಿಸಿ ಅದರ ತುಂಬ ನೀರು ಕೇಳಿದೆ. ಆಕೆಯ ಮುಖ ಸಪ್ಪಗಾಯಿತು. ಕರೆಂಟಿಲ್ಲದೆ ಬೋರು ನಿಂತಿತ್ತು. ಆದರೂ ಅರ್ಧ ಕೊಡ ಸುರಿದು, ಇನ್ನು ಕೇಳಬೇಡಿ ಎಂದು ಹೋದಳು.

ನೀರಿನ ಮೇಲೆ ಮುಖಕ್ಕೆ ಹಚ್ಚುವ ಪೌಡರು ಉದುರಿಸಿದೆ. ಗಾಳಿಗೆ ಅದು ಒಂದು ಬದಿಗೆ ಸರಿಯಿತು. ಕಿಟಕಿ ಮುಚ್ಚಿಸಿ ಮತ್ತೆ ಉದುರಿಸಿ, ಉಸಿರು ಬಿಟ್ಟವರು ಔಟ್ ಎಂದೆ. ಕೆನ್ನೆ ಉಬ್ಬಿಸಿಕೊಂಡು ಎಲ್ಲರೂ ಬಗ್ಗಿದರು. ಸೂಜಿಯ ತುದಿಗೆ ಕುಸುಬಿ ಎಣ್ಣೆ ತಾಗಿಸಿ ನೀರಿನ ನಡುವೆ ಮುಟ್ಟಿಸಿದೆ. ಪೌಡರು ಸರ್ರನೆ ಅಂಚಿಗೆ ಓಡಿತು. ಇನ್ನೊಮ್ಮೆ ಎಂದು ಮಕ್ಕಳು ಗದ್ದಲ ಮಾಡಿದರು. ಆದರೆ ಒಮ್ಮೆ ಎಣ್ಣೆ ಬಿದ್ದ ನೀರಿನಲ್ಲಿ ಈ ಆಟ ನಡೆಯುವುದಿಲ್ಲ.

ಚೀಲ ಕಟ್ಟುತ್ತಿದ್ದಾಗ ಹುಡುಗಿಯೊಬ್ಬಳು ಬಂದು ನಿಂತಳು. "ನನಗ ಕಾಣಲಿಲ್ರಿ ಅಕ್ಕೋರ."

ಮುಂದಿನವರ ತಲೆ ಅಡ್ಡ ಬಂದಿತ್ತಂತೆ. ನನ್ನ ಬಸ್ಸಿಗೆ ಹೊತ್ತಾಗಿತ್ತು. ಗೆಳತಿಯರನ್ನು ಕೇಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಏಕೋ ಆಡಲಾಗಲಿಲ್ಲ. ಬುತ್ತಿ ಡಬ್ಬಿಯ ಮುಚ್ಚಳ ತೊಳೆದು, ನನ್ನ ಕುಡಿಯುವ ನೀರನ್ನೇ ಸುರಿದು ಮತ್ತೆ ಮಾಡಿ ತೋರಿಸಿದೆ.

ಆಕೆ ನಗಲಿಲ್ಲ. "ಎಣ್ಣಿ ಎಲ್ಲಿ ಹೋತ್ರಿ?"

ಅಲ್ಲೇ ತೆಳ್ಳಗೆ ಹರಡಿಕೊಂಡಿದೆ ಎಂದೆ.

"ಎಷ್ಟ್ ತೆಳ್ಳಗ? ರೊಟ್ಟಿ ಹಂಗ?"

ಒಂದು ತಲೆಗೂದಲನ್ನು ಸಾವಿರಾರು ಪದರಾಗಿ ಸೀಳಿದರೆ ಅದರಲ್ಲಿ ಒಂದು ಪದರಿನಷ್ಟು ಎಂದೆ. ಆಕೆ ಜಡೆಯಿಂದ ಕೂದಲೊಂದನ್ನು ಕಿತ್ತು, ಬಾಗಿಲ ಬೆಳಕಿಗೆ ಹಿಡಿದು, ಉಗುರಿನಿಂದ ಸೀಳಲು ನೋಡಿದಳು.

"ನೀವು ನೋಡೀರೇನ್ರಿ ಅಷ್ಟ್ ಸಣ್ಣದು?"

ಇಲ್ಲ ಎಂದೆ. ಅದನ್ನು ತೋರಿಸುವ ಯಂತ್ರವನ್ನೂ ನಾನು ಕಂಡಿರಲಿಲ್ಲ. ಆಕೆ ತಲೆಯಾಡಿಸಿ, ಕೂದಲನ್ನು ಬೆರಳಿಗೆ ಸುತ್ತಿಕೊಂಡು ಹೊರಟಳು.

ಬಸ್ಸು ಹೋಗಿಬಿಟ್ಟಿತ್ತು. ಒಣಗಿದ ಬಾಯಲ್ಲಿ ಬೇವಿನ ನೆರಳಿಗೆ ಕೂತು ಮುಂದಿನದಕ್ಕೆ ಕಾದೆ. ಮರುದಿನದಿಂದ ಎಲ್ಲರಿಗೂ ಕಾಣಲೆಂದು ಪರಾತ ಬಿಟ್ಟು ಮಕ್ಕಳ ಊಟದ ತಾಟುಗಳಲ್ಲೇ, ಇಬ್ಬಿಬ್ಬರಿಗೆ ಒಂದರಂತೆ ಆಟ ಆಡಿಸತೊಡಗಿದೆ. ಕೆಲಸ ಇಮ್ಮಡಿಯಾಯಿತು. ಎಷ್ಟೋ ಸಂಜೆ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗಿ, ಇಳಿಯಬೇಕಾದ ಊರು ದಾಟಿ ಹೋಗಿದ್ದೇನೆ.