ಬಲಗಡೆಯ ಹನ್ನೊಂದು ಫೋಟೋ

ಗೋಡೆ ಬಣ್ಣದ ಅಂಗಡಿಯ ಯಂತ್ರಕ್ಕೆ ಒಂದು ಡಬ್ಬ ಕಲಸಲು ನಾಲ್ಕು ನಿಮಿಷ ಬೇಕು. ಡಬ್ಬವನ್ನು ಒಳಗಿಟ್ಟು ಗುಂಡಿ ಒತ್ತಿದರೆ ಸಾಕು, ಯಾವುದು ಎಷ್ಟು ಹನಿ ಬೀಳಬೇಕೆಂದು ಯಂತ್ರಕ್ಕೇ ಗೊತ್ತು. ಆ ನಾಲ್ಕು ನಿಮಿಷಗಳಲ್ಲಿ ಬಣ್ಣದಕ್ಕ ತನ್ನ ಫೋನಿನಲ್ಲಿ ಹಳೆಯ ಕಾರುಗಳ ಜಾಹೀರಾತು ನೋಡುತ್ತಾಳೆ. ಆ ಗುರುವಾರ ಆಕೆಯ ಹೆಬ್ಬೆರಳು ಒಂದು ಪುಟ್ಟ ಬೆಳ್ಳಿ ಬಣ್ಣದ ಕಾರಿನ ಮೇಲೆ ನಿಂತಿತು. ಚಿಕ್ಕ ಎಂಜಿನ್, ಲೀಟರಿಗೆ ಇಪ್ಪತ್ತು ಕಿಲೋಮೀಟರ್ ದಾಟುತ್ತದೆ, ಒಬ್ಬರೇ ಮಾಲೀಕರು, ಮೂಲ ಬಣ್ಣ. ಒಟ್ಟು ಹನ್ನೊಂದು ಫೋಟೋ. ಹನ್ನೊಂದೂ ಬಲಗಡೆಯಿಂದ ತೆಗೆದವು.

ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಗಳನ್ನು ಆಕೆ ಎರಡು ಸಲ ಓದಿದಳು. ಯಂತ್ರ ನಿಂತು ಕೂಗಿದರೂ ಕೇಳಿಸಲಿಲ್ಲ. ಎದುರಿಗಿದ್ದ ಗಿರಾಕಿ, "ಅಮ್ಮಾ, ನನ್ನ ಗೋಡೆ ಆಯ್ತೇನೋ ನೋಡಿ" ಎಂದಾಗಲೇ ತಲೆ ಎತ್ತಿದ್ದು.

ಬಣ್ಣದಕ್ಕ ಎಂಬುದು ಆಕೆಗೆ ಈ ಅಂಗಡಿಯವರು ಇಟ್ಟ ಹೆಸರಲ್ಲ. ಅದಕ್ಕೂ ಮೊದಲು ಹನ್ನೊಂದು ವರ್ಷ ಆಕೆ ಒಂದು ಕಾರು ರಿಪೇರಿ ಶೆಡ್ಡಿನಲ್ಲಿ ಬಣ್ಣ ಕಲಸುತ್ತಿದ್ದಳು. ಗೀಚಿದ ಬಾಗಿಲಿಗೆ, ತಗ್ಗು ಬಿದ್ದ ಬಾನೆಟ್ಟಿಗೆ ಹೊಸ ಬಣ್ಣ ಹೊಡೆದಾಗ ಅದು ಕಾರಿನ ಉಳಿದ ಮೈಯೊಂದಿಗೆ ಬೆರೆಯಬೇಕು. ಬಿಸಿಲಲ್ಲಿ ಬಾಡಿದ ಐದು ವರ್ಷದ ಬಿಳಿ ಬೇರೆ, ಡಬ್ಬದಿಂದ ತೆಗೆದ ಬಿಳಿ ಬೇರೆ. ಎಲ್ಲಕ್ಕಿಂತ ಕಷ್ಟದ್ದು ಬೆಳ್ಳಿ. ನೇರವಾಗಿ ನೋಡಿದರೆ ಒಂದು, ಓರೆಯಾಗಿ ನೋಡಿದರೆ ಇನ್ನೊಂದು.

ಆಕೆಯ ಕ್ರಮ ಹೀಗಿತ್ತು. ಕಲಸಿದ ಬಣ್ಣವನ್ನು ಮೊದಲು ಅಂಗೈಯಗಲದ ದಪ್ಪ ರಟ್ಟಿನ ಮೇಲೆ ಹೊಡೆದು ಒಣಗಿಸುವುದು. ರಟ್ಟನ್ನು ಬಿಸಿಲಿನಲ್ಲಿ ಕಾರಿನ ಮೈಗೆ ಹಿಡಿಯುವುದು. ರಟ್ಟಿನ ಅಂಚು ಕಣ್ಣಿಗೆ ಕಾಣದಂತಾದರೆ ಬಣ್ಣ ಕೂಡಿತು ಎಂದು ಲೆಕ್ಕ. ಆಮೇಲೆ ರಟ್ಟಿನ ಹಿಂದೆ ಕಾರಿನ ನಂಬರು, ಯಾವ ಭಾಗ, ಯಾವ ದಿನ, ಏನೇನು ಎಷ್ಟೆಷ್ಟು ಎಂದು ಬರೆದು ಸಹಿ ಹಾಕಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುವುದು. ಹನ್ನೊಂದು ವರ್ಷದಲ್ಲಿ ನಾಲ್ಕು ಡಬ್ಬ ತುಂಬಿದ್ದವು.

ಶೆಡ್ಡಿನ ಯಜಮಾನನನ್ನು ಎಲ್ಲರೂ ಬೆನ್ನ ಹಿಂದೆ ಪಾಲಿಶ್ ಎನ್ನುತ್ತಿದ್ದರು. ಮಾತನಾಡುವಾಗ ಹತ್ತಿರದ ಕಾರನ್ನು ಅಂಗಿಯ ತೋಳಿನಿಂದ ಒರೆಸುವುದು ಅವನ ಅಭ್ಯಾಸ. ಹಿಂದೆ ಶೆಡ್, ಮುಂದೆ ಹಳೆಯ ಕಾರು ಮಾರುವ ಅಂಗಳ, ಎರಡೂ ಅವನದೇ.

ಹದಿನಾಲ್ಕು ತಿಂಗಳ ಹಿಂದೆ, ಎರಡನೆಯ ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಬಣ್ಣದಕ್ಕ ಕೆಲಸಕ್ಕೆ ಮರಳಿದ್ದಳು. ಅದೇ ವಾರ ಆ ಬೆಳ್ಳಿ ಕಾರು ಬಂತು. ಗೇಟಿಗೆ ತಾಗಿ ಎಡಗಡೆಯ ಹಿಂದಿನ ಬಾಗಿಲು ಗೀಚಿಹೋಗಿತ್ತು. ಆಕೆ ಬಣ್ಣ ಕಲಸಿ, ರಟ್ಟು ಹಿಡಿದು ನೋಡಿ, ಬಣ್ಣವಿದ್ದ ಪ್ಲಾಸ್ಟಿಕ್ ಕಪ್ಪಿಗೆ ಮುಚ್ಚಳ ಹಾಕಿಟ್ಟು ಮಗುವಿಗೆ ಹಾಲೂಡಿಸಲು ಹೋದಳು. ಒಂದು ಗಂಟೆಯ ನಂತರ ಬಂದಾಗ ಬಾಗಿಲಿಗೆ ಬಣ್ಣ ಹೊಡೆದಾಗಿತ್ತು, ಕಪ್ಪು ಮಾತ್ರ ತುಂಬಿದ್ದಂತೆಯೇ ಇತ್ತು. ಶೆಲ್ಫಿನಲ್ಲಿ ಬೇರಾವುದೋ ಕಾರಿನ ಬೆಳ್ಳಿ ಅರ್ಧ ಡಬ್ಬ ಉಳಿದಿತ್ತು. ಅದನ್ನು ಖಾಲಿ ಮಾಡಿಸಿದ್ದ ಪಾಲಿಶ್. ಬೆಳ್ಳಿ ಅಂದರೆ ಬೆಳ್ಳಿ, ಅದರಲ್ಲೇನು ಎನ್ನುವುದು ಅವನ ವಾದ.

ಮರುದಿನ ಕಾರಿನ ಮಾಲೀಕ ಬಂದು ಅಂಗಳದಲ್ಲಿ ನಿಂತು ಕೂಗಾಡಿದ. ಪಾಲಿಶ್ ಎಲ್ಲರ ಎದುರು ಬಣ್ಣದಕ್ಕನತ್ತ ಬೊಟ್ಟು ಮಾಡಿದ. "ಹೆತ್ತ ಮೇಲೆ ಇವಳ ಕಣ್ಣು ಮಂಕಾಗಿದೆ ಸಾರ್. ಏನ್ ಮಾಡ್ಲಿ, ಪಾಪ ಅಂತ ಇಟ್ಕೊಂಡಿದ್ದೆ."

"ನಾನು ಕಲಸಿದ್ದು ಕಪ್ಪಲ್ಲೇ ಇದೆ, ತೋರಿಸ್ತೀನಿ" ಎಂದು ಆಕೆ ಒಳಗೆ ಹೋದಳು. ಕಪ್ಪನ್ನು ತೊಳೆದು ಬೋರಲು ಹಾಕಲಾಗಿತ್ತು. ಪಕ್ಕದಲ್ಲಿ ಟೇಪಜ್ಜ ಕುಳಿತಿದ್ದ. ಬಣ್ಣ ತಾಗಬಾರದ ಜಾಗಕ್ಕೆಲ್ಲ ಕಾಗದ, ಟೇಪು ಅಂಟಿಸುವುದು ಅವನ ಕೆಲಸ. ಅವನು ಟೇಪಿನ ತುದಿ ಹುಡುಕುತ್ತ ತಲೆ ತಗ್ಗಿಸಿಯೇ ಇದ್ದ.

ಸಂಜೆ ಪಾಲಿಶ್ ಆಕೆಯ ಕೈಗೆ ಆ ನಾಲ್ಕು ಬಿಸ್ಕತ್ ಡಬ್ಬಗಳನ್ನು ಕೊಟ್ಟು, "ನಿನ್ನ ಕಸ ನೀನೇ ತಗೊಂಡು ಹೋಗು" ಎಂದ.

ಆಕೆ ಕೆಲಸ ಕೇಳಿ ಹೋದ ಮೂರು ಶೆಡ್ಡುಗಳಿಗೆ ಆಕೆಗಿಂತ ಮೊದಲೇ ಪಾಲಿಶ್‌ನ ಫೋನು ಹೋಗಿತ್ತು. ಮೂರೂ ಕಡೆ ನಯವಾಗಿಯೇ ಕೆಲಸವಿಲ್ಲ ಎಂದರು. ಒಬ್ಬ ಮಾತ್ರ ಬಾಯಿ ಬಿಟ್ಟು ಕೇಳಿದ, "ಕನ್ನಡಕ ಹಾಕ್ಕೊಂಡ್ರೆ ಸರಿಹೋಗಲ್ವೇನಮ್ಮ?" ಗುಂಡಿ ಒತ್ತುವ ಕೆಲಸಕ್ಕೆ ಕಣ್ಣು ಯಾರೂ ಕೇಳಲಿಲ್ಲ. ಹಾಗೆ ಆಕೆ ಗೋಡೆ ಬಣ್ಣಕ್ಕೆ ಬಂದದ್ದು.

ಎರಡನೆಯ ಕಾರಿನ ಮಾತು ಶುರುವಾದದ್ದು ಶಿಶುವಿಹಾರದಿಂದ. ಆಕೆಯ ಗಂಡ ಲಿಫ್ಟ್ ಮೆಕ್ಯಾನಿಕ್. ಮನೆಯಲ್ಲಿರುವ ಒಂದು ಕಾರಿನ ತುಂಬ ಅವನ ಕೇಬಲ್ಲು, ಸ್ಪ್ಯಾನರು. ಯಾರೋ ಎಲ್ಲೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿರುತ್ತಾರೆ, ಅವನು ಓಡಬೇಕು. ಮಕ್ಕಳಿಬ್ಬರು, ಮಗಳಿಗೆ ನಾಲ್ಕು, ಮಗನಿಗೆ ಒಂದೂವರೆ. ಶಿಶುವಿಹಾರ ಆರಕ್ಕೆ ಮುಚ್ಚುತ್ತದೆ, ಆಕೆಯ ಬಸ್ಸು ಬರುವುದು ಆರೂ ಇಪ್ಪತ್ತಕ್ಕೆ. ಎರಡು ಸಲ ಎಚ್ಚರಿಕೆಯ ಚೀಟಿ ಬಂದಿತ್ತು. ಮೂರನೆಯದಾದರೆ ಮಕ್ಕಳ ಜಾಗ ಬೇರೆಯವರಿಗೆ.

ನಾಲ್ಕು ಶನಿವಾರ ಕಾರು ನೋಡಿದ್ದರು. ಆಕೆ ಹೊಲಿಗೆಯ ಟೇಪು ಹಿಡಿದು ಹಿಂದಿನ ಸೀಟು ಅಳೆಯುತ್ತಿದ್ದಳು. ಮಕ್ಕಳ ಎರಡು ಸೀಟು ಪಕ್ಕಪಕ್ಕ ಕೂರಬೇಕು, ನಡುವೆ ಬೆಲ್ಟಿನ ಬಕಲಿಗೆ ಕೈ ಹೋಗಬೇಕು. ಒಂದರಲ್ಲಿ ಸೀಟು ಕೂತರೆ ಬಾಗಿಲು ಹಾಕಲಾಗಲಿಲ್ಲ. ಇನ್ನೊಂದು ಕುಡಿಯುವ ಪೆಟ್ರೋಲಿಗೆ ಗಂಡ, "ಇದಕ್ಕಿಂತ ಒಂದು ಲಿಫ್ಟ್ ಸಾಕೋದು ವಾಸಿ" ಎಂದ. ಬೆಳ್ಳಿ ಕಾರಿನ ಅಳತೆಯನ್ನು ಆಕೆ ಗುರುವಾರ ರಾತ್ರಿಯೂಟಕ್ಕೆ ಮುಂಚೆಯೇ ಹುಡುಕಿ ತೆಗೆದಿದ್ದಳು. ಎರಡು ಸೀಟಿಗೆ ಸರಿಯಾಗಿ ಸಾಲುತ್ತಿತ್ತು.

"ಚೆನ್ನಾಗೇ ಇದೆ. ಎಲ್ಲಿದೆಯಂತೆ?" ಗಂಡ ಕೇಳಿದ.

"ಪಾಲಿಶ್ ಹತ್ರ."

ಅವನು ಚಮಚ ಕೆಳಗಿಟ್ಟ. "ಊರಲ್ಲಿ ಬೇರೆ ಕಾರೇ ಇಲ್ವಾ?"

"ಇವೆ ಕಣ್ರೀ. ಆದ್ರೆ ಇದು ಆ ಕಾರು. ಆ ಬಾಗಿಲಿನ ಕಾರು. ಮಾಲೀಕ ಅವನಿಗೇ ಮಾರಿರ್ಬೇಕು."

ಮಗನಿಗೆ ಊಟ ಮಾಡಿಸುತ್ತಿದ್ದ ಅತ್ತೆ ನಡುವೆ ಬಾಯಿ ಹಾಕಿದರು. "ಬಾಗಿಲು ಒಂದು ಬಣ್ಣ, ಮೈ ಒಂದು ಬಣ್ಣ. ನಾಳೆ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?"

"ಕೇಳ್ಲಿ ಅಂತಾನೇ ತಗೋತಿರೋದು ಅತ್ತೆ."

ಅತ್ತೆ ಸೊಸೆಯ ಮುಖ ನೋಡಿದರು. ಮೊಮ್ಮಗನ ಬಾಯಿ ಒರೆಸಿದರು. "ಹಾಗಾದ್ರೆ ನಾನೂ ಬರ್ತೀನಿ. ಅವನ ಮುಖ ನೋಡ್ಬೇಕು ನಂಗೆ."

ಊಟವಾದ ಮೇಲೆ ನಾಲ್ಕು ಡಬ್ಬಗಳೂ ಮಂಚದಡಿಯಿಂದ ಹೊರಬಂದವು. ಪಾಲಿಶ್‌ನ ಜಾಹೀರಾತಿನಲ್ಲಿ ಹತ್ತೊಂಬತ್ತು ಕಾರುಗಳಿದ್ದವು, ಎಲ್ಲದರ ಮೇಲೂ ಮೂಲ ಬಣ್ಣ ಎಂಬ ಬರಹ. ಆಕೆ ಒಂದೊಂದೇ ನಂಬರನ್ನು ರಟ್ಟುಗಳೊಂದಿಗೆ ಹೋಲಿಸಿದಳು. ಬೆಳ್ಳಿಯದನ್ನು ಬಿಟ್ಟು ಇನ್ನೂ ಆರು ಸಿಕ್ಕವು.

ಶನಿವಾರ ಹತ್ತೂವರೆಗೆ ಗಂಡ ಮಕ್ಕಳ ಸೀಟು ಹೇರಿಕೊಂಡು ತನ್ನ ಕಾರಿನಲ್ಲಿ, ಆಕೆ ಅತ್ತೆ ಮಕ್ಕಳೊಂದಿಗೆ ಆಟೋದಲ್ಲಿ ಬಂದಿಳಿದಾಗ ಅಂಗಳದಲ್ಲಿ ಹತ್ತು ಹನ್ನೆರಡು ಜನ ಗಿರಾಕಿಗಳಿದ್ದರು. ಬೆಳ್ಳಿ ಕಾರು ಮೂಲೆಯಲ್ಲಿತ್ತು. ಎಡಗಡೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ನಡುವೆ ಒಂದು ಕೈ ತೂರುವಷ್ಟೇ ಜಾಗ. ಪಾಲಿಶ್ ಬಾನೆಟ್ ಒರೆಸುತ್ತಲೇ ಬಂದ, ಗುರುತು ಹಿಡಿದು ತೋಳು ನಿಲ್ಲಿಸಿದ.

"ಓಹೋ! ಬಣ್ಣದಕ್ಕ! ಏನಮ್ಮ, ಕಣ್ಣು ಸರಿಹೋಯ್ತಾ?" ನಾಲ್ಕು ಜನಕ್ಕೆ ಕೇಳುವಂತೆಯೇ ಹೇಳಿದ.

"ಅದನ್ನೇ ಪರೀಕ್ಷೆ ಮಾಡಿಸ್ಕೊಳ್ಳೋಣ ಅಂತ ಬಂದೆ ಯಜಮಾನ್ರೇ. ಈ ಕಾರು ಸ್ವಲ್ಪ ಬಿಸಿಲಿಗೆ ತೆಗೀರಿ."

"ಇಲ್ಲೇ ಚೆನ್ನಾಗಿ ಕಾಣ್ತಿದೆಯಲ್ಲ."

"ಎಡಗಡೆ ಮಕ್ಕಳು ಹತ್ತಬೇಕಲ್ಲ ಸ್ವಾಮಿ," ಎಂದರು ಅತ್ತೆ ಗಟ್ಟಿಯಾಗಿ. "ಗೋಡೆ ಒಡೆದು ಹತ್ತಿಸ್ಲಾ?"

ಯಾರೋ ನಕ್ಕರು. ತುಂಬು ಗರ್ಭಿಣಿ ಹೆಂಡತಿಯೊಂದಿಗೆ ಬಂದಿದ್ದ ಗಿರಾಕಿಯೊಬ್ಬ ಇತ್ತ ತಿರುಗಿದ. ಪಾಲಿಶ್‌ಗೆ ಬೇರೆ ದಾರಿ ಇರಲಿಲ್ಲ, ಕಾರು ಬಿಸಿಲಿಗೆ ಬಂತು.

ಬಣ್ಣದಕ್ಕ ಚೀಲದಿಂದ ಬೆಳ್ಳಿಯ ರಟ್ಟು ತೆಗೆದು ಮುಂದಿನ ಬಾಗಿಲಿಗೆ ಹಿಡಿದಳು. ಹದಿನಾಲ್ಕು ತಿಂಗಳು ಡಬ್ಬದೊಳಗೇ ಇದ್ದ ರಟ್ಟು. ಅದರ ಅಂಚು ಎಲ್ಲಿದೆ ಎಂದು ಗರ್ಭಿಣಿ ಬಗ್ಗಿ ನೋಡಬೇಕಾಯಿತು. ಆಮೇಲೆ ಅದೇ ರಟ್ಟನ್ನು ಹಿಂದಿನ ಬಾಗಿಲಿಗೆ ಹಿಡಿದಳು. ಬೂದಿ ಬಳಿದ ಪಾತ್ರೆಗೆ ಹೊಸ ನಾಣ್ಯ ಅಂಟಿಸಿದ ಹಾಗೆ ಕಂಡಿತು.

ರಟ್ಟನ್ನು ತಿರುಗಿಸಿ ಹಿಂಬದಿಯ ನಂಬರು, ತಾರೀಕು, ಸಹಿಯನ್ನು ಸುತ್ತ ನಿಂತವರಿಗೆ ತೋರಿಸಿದಳು. "ಇದು ನಾನು ಕಲಸಿದ್ದು. ಬಾಗಿಲಿಗೆ ಹೊಡೆದದ್ದು ಇದಲ್ಲ."

"ರಟ್ಟು ಯಾರು ಬೇಕಾದ್ರೂ ಮಾಡ್ಕೊಂಡು ಬರಬಹುದು," ಎಂದ ಪಾಲಿಶ್. ತೋಳು ಮತ್ತೆ ಬಾನೆಟ್ ಮೇಲೆ ಓಡಾಡತೊಡಗಿತ್ತು. "ಹೊಟ್ಟೆಕಿಚ್ಚಿಗೆ ಜನ ಏನೇನು ಮಾಡ್ತಾರೆ ನೋಡಿ."

"ಇವಳು ಕಲಸಿದ್ದನ್ನ ಚೆಲ್ಲಿದ್ದು ನಾನು."

ಶೆಡ್ಡಿನ ಬಾಗಿಲಲ್ಲಿ ಟೇಪಜ್ಜ ನಿಂತಿದ್ದ. ಬೆರಳಿಗೆ ಟೇಪಿನ ಚೂರುಗಳು ಅಂಟಿಕೊಂಡೇ ಇದ್ದವು. "ಹಳೇ ಡಬ್ಬದ ಬೆಳ್ಳಿ ಹೊಡೆಸಿದ್ರು. ಕಪ್ಪು ತೊಳಿ ಅಂದ್ರು, ತೊಳೆದೆ. ತಪ್ಪಾಯ್ತು ತಾಯಿ."

"ಅವತ್ತು ಹೇಳ್ಬೇಕಿತ್ತಜ್ಜ," ಎಂದಳು ಬಣ್ಣದಕ್ಕ. ಅಜ್ಜ ಇನ್ನೂ ಏನೋ ಕಾಯುತ್ತಿದ್ದ. ಆಕೆ ಅವನತ್ತ ಮತ್ತೆ ನೋಡಲಿಲ್ಲ.

ಪಾಲಿಶ್ ಆಕೆಯನ್ನೂ ಗಂಡನನ್ನೂ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದ. ದನಿ ಇಳಿದಿತ್ತು. "ಏನು ಬೇಕು ನಿನಗೆ?"

ಆಕೆ ಉಳಿದ ಆರು ರಟ್ಟುಗಳನ್ನು ಇಸ್ಪೀಟ್ ಎಲೆಗಳಂತೆ ಮೇಜಿನ ಮೇಲೆ ಹರಡಿದಳು. ಅವನು ನಂಬರುಗಳನ್ನು ಓದಿದ. ಗಾಜಿನಾಚೆ ಅಂಗಳದಲ್ಲಿ ಆ ಆರೂ ಕಾರು ಕಾಣುತ್ತಿದ್ದವು.

"ಕಾರು ಬೇಕು. ಬಾಗಿಲಿಗೆ ತಕ್ಕ ಬೆಲೆಗೆ. ಮತ್ತೆ ಒಂದು ಕಾಗದ, ಮೂರು ಪ್ರತಿ. ನಾನು ಹೇಳ್ತೀನಿ, ನೀವು ಬರೀರಿ."

"ಬರೆದುಕೊಟ್ರೆ ಈ ಅಂಗಳಕ್ಕೆ ನೀನು ಮತ್ತೆ ಕಾಲಿಡಬಾರದು."

"ಇಡಲ್ಲ."

ಆಕೆ ನಿಧಾನವಾಗಿ ಹೇಳಿದಳು, ಅವನು ಬರೆದ. ಈ ಕಾರಿನ ಎಡಗಡೆಯ ಹಿಂದಿನ ಬಾಗಿಲಿಗೆ ನನ್ನ ಮಾತಿನ ಮೇಲೆ ಬೇರೆ ಕಾರಿನ ಬಣ್ಣ ಹೊಡೆಯಲಾಗಿತ್ತು. ಬಣ್ಣ ಕಲಸಿದವರ ತಪ್ಪಿಲ್ಲ. ಅವರ ಕಣ್ಣು ಮಂಕಾಗಿದೆ ಎಂದು ನಾನು ಹೇಳಿದ್ದು ಸುಳ್ಳು. 'ಸುಳ್ಳು' ಎಂಬಲ್ಲಿ ಪೆನ್ನು ನಿಂತಿತು. "ತಪ್ಪು ತಿಳುವಳಿಕೆ ಅಂತ ಹಾಕೋಣ್ವಾ?"

"ಸುಳ್ಳು ಅಂತಾನೇ ಹಾಕಿ. ಅಕ್ಷರ ದುಂಡಗಿರಲಿ."

ಮೂರು ಪ್ರತಿಗೂ ಸಹಿಯಾಯಿತು, ಸೀಲು ಬಿತ್ತು. ಗಂಡ ಕಾರಿನ ಹಣ ಕೊಟ್ಟು ಕೀಲಿ ತೆಗೆದುಕೊಂಡ, ಆಕೆ ಮೇಜಿನ ಮೇಲಿನ ರಟ್ಟುಗಳನ್ನು. ಮಕ್ಕಳ ಸೀಟುಗಳನ್ನು ಕೂರಿಸಿ ಬೆಲ್ಟು ಬಿಗಿಯುವಷ್ಟರಲ್ಲಿ ಬಣ್ಣದಕ್ಕ ಅಂಗಳದಲ್ಲಿ ಒಂದು ಸುತ್ತು ಹಾಕಿದಳು. ಆರು ಕಾರಿನ ಮುಂದೆ ನಿಂತಳು, ಆರರ ವೈಪರ್ ಎತ್ತಿ ಒಂದೊಂದು ರಟ್ಟು ಸಿಕ್ಕಿಸಿದಳು, ಬರಹ ಇರುವ ಬದಿ ಮೇಲಾಗಿ. ಗರ್ಭಿಣಿಯ ಗಂಡ ತಾನು ಆರಿಸಿಟ್ಟಿದ್ದ ಕೆಂಪು ಕಾರಿನ ಮೇಲಿನ ರಟ್ಟನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದತೊಡಗಿದ. "ಬಾನೆಟ್, ಎರಡೂ ಮಡ್‌ಗಾರ್ಡ್..."

ಪಾಲಿಶ್ ಓಡಿಬಂದ. "ಏಯ್, ಮಾತು ಕೊಟ್ಟಿದ್ದೆಯಲ್ಲೇ!"

"ಮತ್ತೆ ಬರಲ್ಲ ಅಂದಿದ್ದೆ ಯಜಮಾನ್ರೇ. ಅದಕ್ಕೇ ಇವತ್ತೇ ಇಟ್ಟು ಹೋಗ್ತಿದ್ದೀನಿ." ಆಕೆ ಕಾರು ಹತ್ತಿದಳು. "ನಿಮ್ಮ ಕಸ, ನೀವೇ ಇಟ್ಕೊಳ್ಳಿ."

ಪಕ್ಕದ ಸೀಟಿನಲ್ಲಿ ಇಕ್ಕಟ್ಟಾಗಿ ಕೂತಿದ್ದ ಅತ್ತೆ ಗೇಟು ದಾಟುವವರೆಗೂ ಕತ್ತು ತಿರುಗಿಸಿ ನೋಡುತ್ತಲೇ ಇದ್ದರು. ಆಮೇಲೆ, "ಕಾರು ಚಿಕ್ಕದೇ. ಆದ್ರೂ ಪರವಾಗಿಲ್ಲ" ಎಂದರು.

"ಬಾಗಿಲಿಗೆ ಯಾವಾಗ ಬಣ್ಣ ಹೊಡೀತೀಯ?" ಗಂಡ ಸಂಜೆ ಕೇಳಿದ.

"ಹೊಡಿಯಲ್ಲ."

ಸೋಮವಾರ ಆಕೆ ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದಾಳೆ. ಮಕ್ಕಳನ್ನು ಶಿಶುವಿಹಾರದಲ್ಲಿ ಬಿಟ್ಟು ಆ ಮೂರೂ ಶೆಡ್ಡಿಗೆ ಹೋಗಿ ಒಂದೊಂದು ಕಾಗದ ಕೊಟ್ಟು ಬರುವುದು ಕಾರ್ಯಕ್ರಮ. ಕಾರಿನ ಎಡಮೈ ಶೆಡ್ಡಿನ ಬಾಗಿಲಿಗೆ ಎದುರಾಗುವಂತೆ ನಿಲ್ಲಿಸುತ್ತಾಳೆ. ಕನ್ನಡಕದ ಮಾತಾಡಿದವನ ಶೆಡ್ಡು ಒಂಬತ್ತಕ್ಕೆ ತೆರೆಯುತ್ತದೆ.