ದಪ್ಪ ಮೊಳೆ ಯಾರಿಗೆ?

ಹೋದ ವಾರ ಒಂದೇ ಒಂದು ಪ್ರಶ್ನೆಗೆ ನಾನು ಬೆವತುಬಿಟ್ಟೆ. ಕೇಳಿದವರು ಪಂಡಿತರಲ್ಲ, ವಿಮರ್ಶಕರಲ್ಲ. ರಾಯದುರ್ಗದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಹುಸೇನ್ ಸಾಬರು.

"ನೀವು ಬರದದ್ದು ಎಲ್ಲಾ ಚಲೋ ಐತ್ರಿ. ಆದ್ರ ಇಸ್ಕೂಲು ಎಲ್ಲೈತ್ರಿ?"

ವಿಷಯ ಇಷ್ಟು. ನಮ್ಮೂರ ಹೆಣ್ಣುಮಕ್ಕಳ ಶಾಲೆಗೆ ಬರುತ್ತಿದ್ದದ್ದು ನಾಲ್ಕೇ ಹುಡುಗಿಯರು. ಸೋಮವಾರ ತಾಲ್ಲೂಕು ಬೋರ್ಡಿನವರು ಬಂದು ಎಣಿಸುತ್ತಾರೆ, ಹತ್ತು ತಲೆ ಕಾಣದಿದ್ದರೆ ಶಾಲೆಗೆ ಬೀಗ. ಟೀಚರ್ ಶಾರದಮ್ಮ ಮನೆಮನೆ ಅಲೆದು ಸೋತಿದ್ದರು. ಆಗ ನಮ್ಮ ಶಾಲಾ ಕಮಿಟಿ ಎಚ್ಚೆತ್ತು ಹ್ಯಾಂಡ್‌ಬಿಲ್ ಹಂಚುವ ತೀರ್ಮಾನ ಮಾಡಿತು. ಬರೆಯುವವರು ಯಾರು? ಇದ್ದೇನಲ್ಲ ನಾನು!

ಬರೆದೆ. ಸ್ತ್ರೀವಿದ್ಯೆಯ ಮಹತ್ವ, ಪುರಾಣಕಾಲದ ವಿದುಷಿಯರು, ನಾಗರಿಕತೆಯ ಮುನ್ನಡೆ, ಒಂದನ್ನೂ ಬಿಡಲಿಲ್ಲ. ಕಮಿಟಿಯ ಏಳು ಜನರ ಹೆಸರು, ಬಿರುದು ಸಮೇತ. ಅಧ್ಯಕ್ಷರದು ಮಾತ್ರ ಎಲ್ಲಕ್ಕಿಂತ ಮೇಲೆ, ಎರಡು ಸಾಲು, ದಪ್ಪ ಅಕ್ಷರದಲ್ಲಿ. (ಅವರು ರಿಟೈರ್ಡ್ ತಹಸೀಲ್ದಾರರು. ನಾವು ಮರೆತರೂ ಅವರು ಮರೆಯಗೊಡುವುದಿಲ್ಲ.) ಆದರೆ ಶಾಲೆ ಎಲ್ಲಿದೆ, ಎಷ್ಟು ಗಂಟೆಗೆ ಬರಬೇಕು? ಅದನ್ನೇ ಬರೆದಿರಲಿಲ್ಲ.

"ಈಗ ಬರದುಕೊಡ್ತೀನಿ, ಸೇರಿಸಿಬಿಡ್ರಿ" ಎಂದೆ.

"ಎಲ್ಲಿ ಸೇರಸ್ಲಿ?" ಸಾಬರು ಪ್ರೂಫಿನ ಹಾಳೆಯನ್ನು ನನ್ನ ಮುಂದೆ ಹಿಡಿದರು.

ಮಾರ್ಜಿನ್ ಎಂಬುದೇ ಇಲ್ಲ. ಸಂತೆಯ ದಿನದ ಬಸ್ಸಿನಲ್ಲಿ ಜನ ಕೂತ ಹಾಗೆ ನನ್ನ ಅಕ್ಷರಗಳು ಒತ್ತಿಕೊಂಡು ಕೂತಿದ್ದವು. ನಾನೇ ಬರೆದದ್ದು, ನನಗೇ ಓದಲು ಬೇಸರ!

ಸಾಬರು ಒಂದು ತೆಳ್ಳನೆಯ ಸೀಸದ ಪಟ್ಟಿ ತೋರಿಸಿದರು. "ಇದಕ್ಕ ಲೆಡ್ ಅಂತೀವ್ರಿ. ಎರಡು ಸಾಲಿನ ನಡುವ ಇಡಾದು. ಇದು ಕಾಗದದ ಮ್ಯಾಲೆ ಮೂಡಂಗಿಲ್ಲ. ಆದ್ರ ಇದಿಲ್ದಿದ್ರ, ಮೂಡಿದ್ದನ್ನ ಯಾರೂ ಓದಂಗಿಲ್ರಿ."

ಆಮೇಲೆ ನಿಧಾನಕ್ಕೆ ಅಸಲು ಮಾತು ತೆಗೆದರು. "ದಪ್ಪ ಮೊಳಿ ಇರಾದು ಒಂದ ಪೆಟ್ಟಿಗಿರಿ. ಎರಡು ಸಾಲಿಗೆ ಸಾಕಾಗ್ತಾವ, ಮೂರಕ್ಕಿಲ್ಲ. ಅಧ್ಯಕ್ಷರಿಗೆ ಹಾಕ್ಲೇನ್ರಿ, ಹುಡುಗ್ಯಾರಿಗೆ ಹಾಕ್ಲೇನ್ರಿ? ನೀವ ಹೇಳ್ರಿ."

ಏನು ಹೇಳುವುದು? ಹೆಸರು ಸಣ್ಣದಾದರೆ ಅಧ್ಯಕ್ಷರು ಮುನಿಸಿಕೊಳ್ಳುತ್ತಾರೆ. ಶಾಲೆ ನಡೆಯುತ್ತಿರುವುದೇ ಅವರ ಮನೆಯ ಪಡಸಾಲೆಯಲ್ಲಿ! ಹುಡುಗಿಯರು ಬಾರದಿದ್ದರೆ ಬೋರ್ಡಿನವರ ಬೀಗ, ಹೆಸರು ಕಾಣದಿದ್ದರೆ ಅಧ್ಯಕ್ಷರ ಬೀಗ. ನಾಲ್ಕು ಹುಡುಗಿಯರಿಗೆ ನಲವತ್ತು ಜನರಿಗೆ ಹೇಳುವಷ್ಟು ಉತ್ಸಾಹದಿಂದ ಪಾಠ ಹೇಳುವ ಶಾರದಮ್ಮ ನೆನಪಾದರು. ಪೆನ್ಸಿಲ್ ಕೇಳಿದೆ.

ಹೊಡೆದೆ ಗೀಟು. ಪುರಾಣ ಹೋಯಿತು, ನಾಗರಿಕತೆ ಹೋಯಿತು. ಏಳು ಹೆಸರೂ ಹೋದವು, ನನ್ನದೂ ಸೇರಿ. (ಅದಕ್ಕೆ ಗೀಟು ಎಳೆಯುವಾಗ ಕೈ ತಡೆಯಿತು, ಸುಳ್ಳೇಕೆ ಹೇಳಲಿ?) ದಪ್ಪ ಮೊಳೆಯಲ್ಲಿ ಎರಡು ಸಾಲು: "ನಿಮ್ಮ ಮಗಳನ್ನು ಶಾಲೆಗೆ ಕಳಿಸಿ." ಅದರ ಕೆಳಗೆ ಸಣ್ಣದಾಗಿ ಸ್ಥಳ, ಗಂಟೆ, "ಫೀಸು ಇಲ್ಲ". ಸುತ್ತಲೂ ಧಾರಾಳವಾಗಿ ಬಿಳಿ. ಹಿಂದಿನ ಮಗ್ಗುಲಲ್ಲಿ ಅದೇ ಮಾತು ತೆಲುಗಿನಲ್ಲಿ. (ಒಂದೇ ಭಾಷೆಯಲ್ಲಿ ಹಾಕಿಸಿ ಈ ಎರಡು ಭಾಷೆಯ ಗಡಿಯೂರಲ್ಲಿ ಬದುಕುವುದುಂಟೆ?)

ಸಂತೆಯಲ್ಲಿ ಹಂಚಿದೆವು. ಓದು ಬಾರದವರು ಪಕ್ಕದವರ ಕೈಗೆ ಕೊಟ್ಟರು. ಪಕ್ಕದವರು ನಿಂತ ನಿಲುವಿನಲ್ಲೇ ಓದಿ ಹೇಳಿದರು. ಕುರಿ ಮಾರಲು ಬಂದಿದ್ದ ಒಬ್ಬ ತಾಯಿ ಕೇಳಿದಳು, "ಇಷ್ಟೇನ್ರಿ? ಹಂಗಾದ್ರ ನಮ್ ಗಂಗಿನ್ನೂ ಕರ್ಕೊಂಡು ಬರ್ತೀನ್ರಿ." ನನ್ನ ನಲವತ್ತು ಸಾಲಿನ ಸ್ತ್ರೀವಿದ್ಯೆಗೆ ಇಂಥ ಉತ್ತರ ಸಿಗುತ್ತಿತ್ತೇ?

ಸೋಮವಾರ ಬೆಳಿಗ್ಗೆ ಅಧ್ಯಕ್ಷರು ಹ್ಯಾಂಡ್‌ಬಿಲ್ ಝಳಪಿಸುತ್ತ ಪಡಸಾಲೆಗೆ ಬಂದರು. "ಏನ್ರಿ ಇದು? ನಮ್ಮ ಹೆಸರೆಲ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಶಾರದಮ್ಮ ರಿಜಿಸ್ಟರು ತಂದು ಅವರ ಕೈಗೇ ಇಟ್ಟರು. "ಸರ್, ಹುಡುಗ್ಯಾರ ಹೆಸರು ಸ್ವಲ್ಪ ಬರ್ಕೊಳ್ರಿ. ನನಗೊಬ್ಬಾಕಿಗೆ ಆಗವಲ್ದು."

ಪಡಸಾಲೆಯಲ್ಲಿ ಹದಿನಾಲ್ಕು ಹುಡುಗಿಯರು ಕೂತಿದ್ದರು. ಅಧ್ಯಕ್ಷರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹ್ಯಾಂಡ್‌ಬಿಲ್ಲನ್ನು ಮಡಚಿ ಜೇಬಿಗಿಟ್ಟು, ಕನ್ನಡಕ ಏರಿಸಿ, ಚಾಪೆಯ ಮೇಲೆಯೇ ಕೂತರು.

"ನಿನ್ನ ಹೆಸರೇನವ್ವ?"

"ಗಂಗಿ."

"ಗಂಗಮ್ಮ ಅಂತ ಬರೀತೀನಿ, ಆಗಬಹುದಾ?"

ಆ ಹುಡುಗಿ ತಲೆಯಾಡಿಸಿದಳು. ಬೋರ್ಡಿನವರು ಬಂದರು, ಎಣಿಸಿದರು, ತಂದ ಬೀಗವನ್ನು ವಾಪಸು ಒಯ್ದರು. ಅಧ್ಯಕ್ಷರು ಇನ್ನೂ ಬರೆಯುತ್ತಲೇ ಇದ್ದರು.

ಈಗ ನೀವೇ ಹೇಳಿ, ನಮ್ಮೂರಿನ ಇನ್ನೆಷ್ಟು ಒಳ್ಳೆಯ ಕೆಲಸಗಳು ನಮ್ಮ ನಮ್ಮ ಹೆಸರಿನಡಿ ಸಿಕ್ಕಿಕೊಂಡು ಯಾರ ಕಣ್ಣಿಗೂ ಬೀಳದೆ ಹೋಗಿವೆ?